ಓದುಗರ ಪ್ರಶ್ನೆ, ನಮ್ಮ ಉತ್ತರ: ಲಿಂಗತ್ವ, ಜನಾಂಗ ಮತ್ತು ಜಾತಿಯ ಓದು

ಪ್ರಶ್ನೆ: ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎ. ಅಂತಿಮ ವರ್ಷದಲ್ಲಿ ಓದುತ್ತಿದ್ದೇನೆ. ಮುಂದೆ ಲಿಂಗತ್ವ ಅಧ್ಯಯನದಲ್ಲಿ ಎಂ.ಎ. ಮಾಡಬೇಕೆಂಬ ಆಸೆಯಿದೆ. ಅಪ್ಪ ಬಿಎಂಟಿಸಿಯಲ್ಲಿ ಕಂಡಕ್ಟರ್. "ಹೆಣ್ಣು ಗಂಡಿನ ವಿಚಾರವನ್ನು ಕಾಲೇಜಿಗೆ ಹೋಗಿ ಓದಬೇಕೇ? ಅದೊಂದು ವಿಷಯವೋ, ಬರೀ ವಾದವೋ? ಓದಿದ ಮೇಲೆ ಕೆಲಸ ಯಾರು ಕೊಡುತ್ತಾರೆ?" ಎಂದು ಕೇಳುತ್ತಾರೆ. ಅವರಿಗೆ ಏನು ಹೇಳಲಿ?
ವಿದ್ಯಾರ್ಥಿನಿ, ವಿಜಯನಗರ

ಉತ್ತರ: ಇದು ನಿಜವಾಗಿಯೂ ಒಂದು ವಿಷಯವೇ, ಇದನ್ನು ನಂಬಿ ಬದುಕಲು ಸಾಧ್ಯವೇ ಎಂಬ ಎರಡು ಪ್ರಶ್ನೆಗಳು ನಿಮ್ಮ ತಂದೆಯವರ ಮಾತಿನಲ್ಲಿವೆ. ಮಗಳ ಓದಿಗೆ ಹಣ ಹೊಂದಿಸುವವರು ಎರಡನ್ನೂ ಕೇಳಬೇಕಾದದ್ದೇ. ಆದ್ದರಿಂದ ಎರಡಕ್ಕೂ ಬೇರೆ ಬೇರೆಯಾಗಿ ಉತ್ತರಿಸುತ್ತೇನೆ.

ಭಾರತದಲ್ಲಿ ಈ ಅಧ್ಯಯನಕ್ಕೆ ಬಲ ಬಂದದ್ದು ಅಂಕಿಅಂಶಗಳಿಂದ. ದೇಶದ ಮಹಿಳೆಯರ ಸ್ಥಿತಿಗತಿಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರ 1971ರಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಫೂಲ್‌ರೇಣು ಗುಹಾ ಅದರ ಅಧ್ಯಕ್ಷರಾಗಿದ್ದರು. ವೀಣಾ ಮಜುಮ್‌ದಾರ್ ಸದಸ್ಯ ಕಾರ್ಯದರ್ಶಿಯಾಗಿ ಕೆಲಸ ಮಾಡಿದರು. 1974ರ ಕೊನೆಯಲ್ಲಿ ಸಮಿತಿ ಒಪ್ಪಿಸಿದ ವರದಿ ವಿದ್ವಾಂಸರನ್ನೂ ಆಡಳಿತಗಾರರನ್ನೂ ಬೆಚ್ಚಿಬೀಳಿಸಿತು. ಸಂವಿಧಾನ ಸಮಾನತೆಯ ಭರವಸೆ ನೀಡಿ ಎರಡು ದಶಕಗಳು ಕಳೆದಿದ್ದರೂ, 1901ರಲ್ಲಿ ಸಾವಿರ ಪುರುಷರಿಗೆ 972 ಇದ್ದ ಮಹಿಳೆಯರ ಪ್ರಮಾಣ 1971ರ ಜನಗಣತಿಯ ಹೊತ್ತಿಗೆ 930ಕ್ಕೆ ಇಳಿದಿತ್ತು. ದುಡಿಯುವವರ ಲೆಕ್ಕದಲ್ಲಿಯೂ ಮಹಿಳೆಯರ ಪಾಲು ಕುಗ್ಗಿತ್ತು. ಇಷ್ಟು ದೊಡ್ಡ ಸಂಗತಿ ತಾವು ಓದಿದ, ಓದಿಸಿದ ವಿಷಯಗಳ ಒಳಗೆ ಕಾಣದೆ ಹೋದದ್ದು ಹೇಗೆ ಎಂಬ ಪ್ರಶ್ನೆ ಆ ಪೀಳಿಗೆಯ ಅಧ್ಯಾಪಕಿಯರನ್ನು ಕಾಡಿತು. ಮುಂಬೈನ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ 1974ರಲ್ಲಿಯೇ ಮಹಿಳಾ ಅಧ್ಯಯನದ ಸಂಶೋಧನಾ ಘಟಕ ಆರಂಭವಾಯಿತು, 1982ರಲ್ಲಿ ಅಖಿಲ ಭಾರತ ಮಟ್ಟದ ಮಹಿಳಾ ಅಧ್ಯಯನ ಸಂಘ ರೂಪುಗೊಂಡಿತು, 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಯುಜಿಸಿ ನೆರವಿನ ಕೇಂದ್ರಗಳು ಒಂದೊಂದಾಗಿ ತೆರೆದುಕೊಂಡವು.

ಅಭಿಪ್ರಾಯ ಹೇಳುವುದಕ್ಕೂ ಅಧ್ಯಯನ ಮಾಡುವುದಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮ ತಂದೆಯವರಿಗೆ ಅವರ ಕೆಲಸದಿಂದಲೇ ತೋರಿಸಬಹುದು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಾಗಿನಿಂದ ಅವರು ಮಹಿಳಾ ಪ್ರಯಾಣಿಕರಿಗೆ ಶೂನ್ಯ ಮೊತ್ತದ ಟಿಕೆಟ್ ಕೊಡುತ್ತಿದ್ದಾರೆ. ಈ ಯೋಜನೆ ಒಳ್ಳೆಯದೋ ಕೆಟ್ಟದ್ದೋ ಎಂದು ಬಸ್ಸಿನಲ್ಲಿಯೇ ಸಾಕಷ್ಟು ವಾದ ನಡೆಯುತ್ತದೆ, ಅದನ್ನು ಅವರು ಕೇಳಿಯೂ ಇರುತ್ತಾರೆ. ಸಂಶೋಧಕಿ ಆ ವಾದದಲ್ಲಿ ಪಕ್ಷ ಹಿಡಿಯುವ ಮೊದಲು ಕೆಲವು ವಿಷಯಗಳನ್ನು ಗೊತ್ತುಮಾಡಿಕೊಳ್ಳುತ್ತಾಳೆ: ಯಾವ ಹೊತ್ತಿನಲ್ಲಿ, ಯಾವ ಮಾರ್ಗದಲ್ಲಿ ಮಹಿಳೆಯರು ಹೆಚ್ಚಾಗಿ ಹತ್ತುತ್ತಾರೆ, ಮೊದಲು ನಡೆದು ಹೋಗುತ್ತಿದ್ದವರು ಈಗ ಬಸ್ಸು ಹತ್ತಿದ್ದಾರೆಯೇ, ಮನೆಯಿಂದ ದೂರದ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗಿ ಹೆಚ್ಚಿನ ಸಂಬಳ ಪಡೆಯುವುದು ಯಾರಿಗಾದರೂ ಸಾಧ್ಯವಾಗಿದೆಯೇ, ಉಳಿದ ಹಣ ಯಾರ ಕೈಯಲ್ಲಿ ಉಳಿಯುತ್ತದೆ. ಈ ಪ್ರಶ್ನೆಗಳನ್ನು ಹೇಗೆ ಕೇಳಬೇಕು, ಎಷ್ಟು ಜನರನ್ನು ಕೇಳಿದರೆ ಉತ್ತರ ನಂಬಲು ಯೋಗ್ಯವಾಗುತ್ತದೆ, ಗಂಡನ ಎದುರಿನಲ್ಲಿ ಹೇಳಿದ ಮಾತಿಗೂ ಒಬ್ಬಳೇ ಇದ್ದಾಗ ಹೇಳಿದ ಮಾತಿಗೂ ವ್ಯತ್ಯಾಸ ಬಂದರೆ ಅದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬುದನ್ನು ಎರಡು ವರ್ಷಗಳ ಎಂ.ಎ. ನಿಮಗೆ ಕಲಿಸಬೇಕು.

ಅಳೆಯುವ ವಿಧಾನವೇ ಬದಲಾದಾಗ ಏನು ಕಾಣಿಸುತ್ತದೆ ಎಂಬುದಕ್ಕೆ ಇನ್ನೊಂದು ನಿದರ್ಶನ ಕೊಡುತ್ತೇನೆ. ಸಂಬಳದ ಕೆಲಸವನ್ನು ಮಾತ್ರ ಲೆಕ್ಕ ಹಾಕುವವರೆಗೆ ಮನೆಗೆಲಸ ಸಮೀಕ್ಷೆಗಳ ಕಣ್ಣಿಗೆ ಬೀಳುತ್ತಿರಲಿಲ್ಲ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ಜನರು ದಿನದ ಸಮಯವನ್ನು ಹೇಗೆ ಕಳೆಯುತ್ತಾರೆ ಎಂದು ದೇಶಾದ್ಯಂತ ವಿಚಾರಿಸಿದಾಗ, ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆಂದೂ, ಅಂಥ ಕೆಲಸ ಮಾಡುವ ಪುರುಷರು ಕೊಡುವುದು 97 ನಿಮಿಷವೆಂದೂ ತಿಳಿದುಬಂತು. ಪುರುಷರಲ್ಲಿ ಅಂಥ ಕೆಲಸಕ್ಕೆ ಕೈಹಾಕುವವರೇ ನೂರಕ್ಕೆ 26ರಷ್ಟು ಮಂದಿ. "ನನ್ನ ಹೆಂಡತಿ ಮನೆಯಲ್ಲೇ ಇರುತ್ತಾಳೆ, ಏನೂ ಕೆಲಸ ಮಾಡುವುದಿಲ್ಲ" ಎಂಬ ಮಾತು ಇನ್ನು ಮುಂದೆ ಬರೀ ರೂಢಿಯ ಮಾತಾಗಿ ಉಳಿಯಲಾರದು. ಅದನ್ನು ತಪ್ಪೆಂದು ತೋರಿಸುವ ದಾಖಲೆ ಸರ್ಕಾರದ ಬಳಿಯೇ ಇದೆ.

ಕೆಲಸದ ವಿಚಾರದಲ್ಲಿ ನಿಮಗೆ ಸುಳ್ಳು ಭರವಸೆ ಕೊಡುವುದು ನನಗೆ ಇಷ್ಟವಿಲ್ಲ. ಮಹಿಳಾ ಅಧ್ಯಯನ ಯುಜಿಸಿ ನೆಟ್ ಪರೀಕ್ಷೆಯ ವಿಷಯಗಳಲ್ಲಿ ಒಂದು, ಆದ್ದರಿಂದ ಅಧ್ಯಾಪನದ ದಾರಿ ತೆರೆದಿದೆ. ಆದರೆ ಖಾಯಂ ಹುದ್ದೆಗಳು ವಿರಳ, ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಕಾಯಬೇಕಾಗಿ ಬರಬಹುದು. ಸ್ವಯಂಸೇವಾ ಸಂಸ್ಥೆಗಳು, ಸಂಶೋಧನಾ ಯೋಜನೆಗಳು, ಮಹಿಳೆ ಮತ್ತು ಮಕ್ಕಳ ಕ್ಷೇತ್ರದ ಸರ್ಕಾರಿ ಕಾರ್ಯಕ್ರಮಗಳು, ಪತ್ರಿಕೋದ್ಯಮ ಇವೆಲ್ಲ ಉಂಟು. 2013ರ ಕಾಯಿದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಪ್ರತಿಯೊಂದು ಕಡೆಯೂ ಲೈಂಗಿಕ ಕಿರುಕುಳದ ದೂರುಗಳಿಗಾಗಿ ಆಂತರಿಕ ಸಮಿತಿ ಇರಲೇಬೇಕು, ಅದರಲ್ಲಿ ಹೊರಗಿನ ಒಬ್ಬ ಸದಸ್ಯರೂ ಇರಬೇಕು. ಸಾಫ್ಟ್‌ವೇರ್ ಕಂಪನಿಗಳೂ ಗಾರ್ಮೆಂಟ್ಸ್ ಕಾರ್ಖಾನೆಗಳೂ ತುಂಬಿರುವ ಬೆಂಗಳೂರಿನಲ್ಲಿ ಈ ತರಬೇತಿ ಪಡೆದವರ ಅಗತ್ಯವಿದೆ. ನಾನು ಕೊಡುವ ಸಲಹೆಯೆಂದರೆ, ಎಂ.ಎ. ಜೊತೆಗೆ ಅಂಕಿಅಂಶಗಳ ವಿಶ್ಲೇಷಣೆ ಅಥವಾ ಕಾನೂನಿನ ಅರಿವು, ಇವೆರಡರಲ್ಲಿ ಒಂದನ್ನಾದರೂ ಗಟ್ಟಿಯಾಗಿ ಕಲಿತುಕೊಳ್ಳಿ.

ಎಲ್ಲಿ ಓದಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಮಹಿಳಾ ಅಧ್ಯಯನ ವಿಭಾಗವಿದೆ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ 2003ರಿಂದ ನಡೆಯುತ್ತಿದೆ. ಮನೆ ಬಿಟ್ಟು ಹೋಗಲು ಆಗದಿದ್ದರೆ ಜ್ಞಾನಭಾರತಿಯ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ, ಸಮಾಜಶಾಸ್ತ್ರದ ಎಂ.ಎ. ಸೇರಿ ಲಿಂಗತ್ವದ ಪತ್ರಿಕೆಗಳನ್ನು ಆರಿಸಿಕೊಳ್ಳುವುದೂ ಒಳ್ಳೆಯ ದಾರಿಯೇ. ಎಲ್ಲಿಯೇ ಆಗಲಿ, ಸೇರುವ ಮೊದಲು ಪಠ್ಯಕ್ರಮವನ್ನು ಕೈಯಲ್ಲಿ ಹಿಡಿದು ಎರಡು ಸಂಗತಿಗಳನ್ನು ಹುಡುಕಿ: ಸಂಶೋಧನಾ ವಿಧಾನದ ಪತ್ರಿಕೆ ಇದೆಯೇ, ಜಾತಿಯ ಬಗ್ಗೆ ಓದು ಇದೆಯೇ. ಎರಡನೆಯದು ಇಲ್ಲದ ಲಿಂಗತ್ವ ಅಧ್ಯಯನ ಈ ದೇಶದಲ್ಲಿ ಅಪೂರ್ಣವೆಂದು ನಾನು ಏಕೆ ನಂಬಿದ್ದೇನೆ ಎಂಬುದು ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ನಾನು ನಿವೃತ್ತ ಇತಿಹಾಸ ಅಧ್ಯಾಪಕ. ನನ್ನ ಮೊಮ್ಮಗಳು ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಜನಾಂಗ ಮತ್ತು ಜನಾಂಗೀಯ ಅಸ್ಮಿತೆಯ ಬಗ್ಗೆ ಒಂದು ಪತ್ರಿಕೆ ಓದುತ್ತಿದ್ದಾಳೆ. ಕಪ್ಪು ಬಿಳಿಯರ ಸಮಸ್ಯೆ ಅಮೆರಿಕದ್ದು. ಅದನ್ನು ನಮ್ಮ ಮಕ್ಕಳ ತಲೆಗೆ ತುಂಬುವುದರಿಂದ ಏನು ಪ್ರಯೋಜನ? ಜಾತಿಯೂ ಜನಾಂಗವೂ ಒಂದೇ ಎಂದು ಕೆಲವರು ಹೇಳುವುದು ಸರಿಯೇ?
ಓದುಗರು, ಬಸವನಗುಡಿ

ಉತ್ತರ: ಹಿರಿಯರಾದ ತಮಗೆ ಮೊದಲು ಎರಡನೆಯ ಪ್ರಶ್ನೆಯ ಉತ್ತರ ಹೇಳುತ್ತೇನೆ: ಒಂದೇ ಅಲ್ಲ. ಆದರೆ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದದೆ ಇದ್ದರೆ ನಮ್ಮ ಚರಿತ್ರೆಯೇ ಪೂರ್ತಿಯಾಗಿ ಅರ್ಥವಾಗುವುದಿಲ್ಲ.

ಜನಾಂಗದ ಸಿದ್ಧಾಂತ ನಮ್ಮ ದೇಶದಲ್ಲಿ ಅಧಿಕಾರಿಗಳ ಕೈಯ ಅಳತೆಪಟ್ಟಿಯ ಮೂಲಕವೇ ಓಡಾಡಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹರ್ಬರ್ಟ್ ರಿಸ್ಲಿ ಎಂಬ ಬ್ರಿಟಿಷ್ ಅಧಿಕಾರಿ ಬೇರೆ ಬೇರೆ ಜಾತಿಯವರ ಮೂಗಿನ ಅಗಲವನ್ನೂ ಎತ್ತರವನ್ನೂ ಅಳೆಸಿ, ಮೂಗಿನ ಆಕಾರಕ್ಕೂ ಜಾತಿಯ ಮೇಲುಕೀಳಿಗೂ ಸಂಬಂಧವಿದೆಯೆಂದು ವಾದಿಸಿದ. ಅದೇ ವ್ಯಕ್ತಿ 1901ರ ಜನಗಣತಿಯ ಆಯುಕ್ತನೂ ಆದದ್ದರಿಂದ ಆ ಆಲೋಚನೆ ಪುಸ್ತಕದಲ್ಲಿ ಉಳಿಯದೆ ಆಡಳಿತದೊಳಕ್ಕೆ ಬಂತು. ಇದನ್ನು ಬೇರುಸಹಿತ ಅಲ್ಲಗಳೆದವರು ಅಂಬೇಡ್ಕರ್. 1916ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಮಾನವಶಾಸ್ತ್ರದ ವಿಚಾರಗೋಷ್ಠಿಯಲ್ಲಿ ಜಾತಿಯ ಉಗಮದ ಬಗ್ಗೆ ಪ್ರಬಂಧ ಓದಿದಾಗ ಅವರಿಗೆ 25 ವರ್ಷ. ಜಾತಿಯನ್ನು ಹಿಡಿದು ನಿಲ್ಲಿಸಿರುವುದು ರಕ್ತವೂ ಅಲ್ಲ ಬಣ್ಣವೂ ಅಲ್ಲ, ಜಾತಿಯೊಳಗೇ ಮದುವೆಯಾಗಬೇಕೆಂಬ ಕಟ್ಟಳೆ ಎಂದು ಅವರು ಅಲ್ಲಿ ತೋರಿಸಿದರು. ಆ ಕಟ್ಟಳೆ ಉಳಿಯಬೇಕಾದರೆ ಗುಂಪಿನೊಳಗೆ ಗಂಡು ಹೆಣ್ಣಿನ ಸಂಖ್ಯೆ ಸಮವಾಗಿರಬೇಕು. ಗಂಡ ಸತ್ತು ಉಳಿದ ಹೆಣ್ಣು ಆ ಲೆಕ್ಕವನ್ನು ಕೆಡಿಸುತ್ತಾಳೆ. ಸತಿ, ಮರುಮದುವೆಯಿಲ್ಲದ ವೈಧವ್ಯ, ಎಳೆಯ ಹುಡುಗಿಯರ ಮದುವೆ ಈ ಮೂರೂ ಹುಟ್ಟಿಕೊಂಡದ್ದು ಆ ಲೆಕ್ಕವನ್ನು ಸರಿತೂಗಿಸಲಿಕ್ಕಾಗಿ ಎಂಬುದು ಅವರ ವಾದ.

ಈ ವಾದದ ಮುಂದೆ ನಾನು ಸ್ವಲ್ಪ ಹೊತ್ತು ನಿಲ್ಲಬಯಸುತ್ತೇನೆ, ಏಕೆಂದರೆ ವಿಜಯನಗರದ ವಿದ್ಯಾರ್ಥಿನಿಗೆ ಕೊಟ್ಟ ಮಾತು ಇಲ್ಲಿದೆ. ಹೆಣ್ಣಿನ ಮೇಲಿನ ಹಿಡಿತ ಜಾತಿಯ ಒಂದು ದುಷ್ಪರಿಣಾಮವಷ್ಟೇ ಆಗಿದ್ದರೆ ಜಾತಿಯನ್ನು ಒಂದು ವಿಭಾಗದಲ್ಲಿ, ಲಿಂಗತ್ವವನ್ನು ಇನ್ನೊಂದು ವಿಭಾಗದಲ್ಲಿ ಓದಿ ಮುಗಿಸಬಹುದಿತ್ತು. ಆ ಹಿಡಿತವಿಲ್ಲದೆ ಜಾತಿ ನಿಲ್ಲಲಾರದು ಎನ್ನುವುದಾದರೆ ಎರಡನ್ನೂ ಒಟ್ಟಿಗೆ ಓದದೆ ಬೇರೆ ದಾರಿಯಿಲ್ಲ. ಮಗಳು ಬೇರೆ ಜಾತಿಯವನನ್ನು ಮದುವೆಯಾದಳೆಂದು ಹೆತ್ತವರೇ ಕೊಲ್ಲುವ ಸುದ್ದಿಗಳನ್ನು ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಇಂದಿಗೂ ಓದುತ್ತಿದ್ದೇವೆ. ಶತಮಾನದ ಹಿಂದಿನ ಆ ಪ್ರಬಂಧವನ್ನು ಓದಿದವರಿಗೆ ಆ ಸುದ್ದಿ ಯಾರೋ ಒಬ್ಬ ತಂದೆಯ ಕೋಪವಾಗಿ ಮಾತ್ರ ಕಾಣುವುದಿಲ್ಲ.

ಇನ್ನು ಅಮೆರಿಕ. ಅಲ್ಲಿಯೂ ಈ ಓದು ತಾನಾಗಿ ಬರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನ ಕಪ್ಪು, ಏಷ್ಯಾ ಮೂಲದ, ಲ್ಯಾಟಿನೋ ಮತ್ತು ಮೂಲನಿವಾಸಿ ವಿದ್ಯಾರ್ಥಿಗಳು ತಮ್ಮ ಚರಿತ್ರೆಯನ್ನೂ ಪಾಠ ಮಾಡಬೇಕೆಂದು ಒತ್ತಾಯಿಸಿ 1968ರ ನವೆಂಬರಿನಿಂದ 1969ರ ಮಾರ್ಚ್‌ವರೆಗೆ ತರಗತಿ ಬಹಿಷ್ಕರಿಸಿದ ಮೇಲೆ ಅದಕ್ಕೆಂದೇ ಒಂದು ಪ್ರತ್ಯೇಕ ವಿಭಾಗ ತೆರೆಯಿತು. ಅಲ್ಲಿನ ಹೋರಾಟಗಾರರಿಗೂ ನಮ್ಮವರಿಗೂ ಸಂಪರ್ಕವಿರಲಿಲ್ಲ ಎಂದುಕೊಳ್ಳಬಾರದು. ಕಪ್ಪು ಜನರ ಪರವಾಗಿ ವಿಶ್ವಸಂಸ್ಥೆಗೆ ಮನವಿ ಸಲ್ಲಿಸುವ ಪ್ರಯತ್ನ ನಡೆಯುತ್ತಿರುವುದನ್ನು ತಿಳಿದ ಅಂಬೇಡ್ಕರ್ 1946ರಲ್ಲಿ ಅಲ್ಲಿನ ಚಿಂತಕ ಡಬ್ಲ್ಯು.ಇ.ಬಿ. ಡು ಬಾಯ್ಸ್ ಅವರಿಗೆ ಪತ್ರ ಬರೆದು ಆ ಮನವಿಯ ಪ್ರತಿಯನ್ನು ಕೇಳಿದರು. ಡು ಬಾಯ್ಸ್ ಅದಕ್ಕೆ ಸಹಾನುಭೂತಿಯಿಂದ ಉತ್ತರಿಸಿದರು.

ಅಲ್ಲಿ ರೂಪುಗೊಂಡ ಒಂದು ವಿಚಾರ ನಮ್ಮ ಬೀದಿಯನ್ನು ನೋಡಲು ನೆರವಾಗುತ್ತದೆ. ಜನರಲ್ ಮೋಟಾರ್ಸ್ ಕಂಪನಿಯ ವಿರುದ್ಧ ಐವರು ಕಪ್ಪು ಮಹಿಳೆಯರು ಹೂಡಿದ ಮೊಕದ್ದಮೆಯಲ್ಲಿ 1976ರಲ್ಲಿ ನ್ಯಾಯಾಲಯ ತೀರ್ಪು ನೀಡುತ್ತಾ, ಬಣ್ಣದ ಕಾರಣಕ್ಕೆ ಅಥವಾ ಹೆಣ್ಣೆಂಬ ಕಾರಣಕ್ಕೆ ಆದ ತಾರತಮ್ಯವನ್ನು ಬೇರೆ ಬೇರೆಯಾಗಿ ಪರಿಶೀಲಿಸಬಹುದು, ಎರಡನ್ನೂ ಕೂಡಿಸಿ ಕೇಳುವಂತಿಲ್ಲ ಎಂದಿತು. ಕಂಪನಿ ಬಿಳಿಯ ಮಹಿಳೆಯರಿಗೂ ಕಪ್ಪು ಪುರುಷರಿಗೂ ಕೆಲಸ ಕೊಟ್ಟಿತ್ತು; ಕಪ್ಪು ಮಹಿಳೆಯರು ಮಾತ್ರ ನಡುವಿನ ಕಂದಕದಲ್ಲಿ ಬಿದ್ದಿದ್ದರು. ಈ ತೀರ್ಪನ್ನು ವಿಶ್ಲೇಷಿಸಿ ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್ಶಾ 1989ರಲ್ಲಿ ಬರೆದ ಲೇಖನ ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ಇಂದು ಪಾಠವಾಗಿದೆ. ಬಸವನಗುಡಿಯ ರಸ್ತೆಯನ್ನು ಬೆಳಗಿನ ಜಾವ ಗುಡಿಸುವ ಪೌರಕಾರ್ಮಿಕರನ್ನು ನೆನೆಯಿರಿ. ನಗರದ ಪೌರಕಾರ್ಮಿಕರಲ್ಲಿ ಬಹುಪಾಲು ದಲಿತ ಮಹಿಳೆಯರು. ಕೆಲಸದ ಹೊತ್ತಿನಲ್ಲಿ ಶೌಚಾಲಯ ಸಿಗದಿರುವುದು ಮಹಿಳೆಯರಾಗಿ ಅವರ ಕಷ್ಟ; ಗೇಟಿನ ಹೊರಗೆ ನಿಂತು ಕುಡಿಯುವ ನೀರು ಕೇಳಬೇಕಾಗುವುದು ಜಾತಿಯ ಕಷ್ಟ; ವರ್ಷಗಟ್ಟಲೆ ಖಾಯಂ ಆಗದೆ ದುಡಿಯಬೇಕಾಗಿ ಬಂದದ್ದು ಬಡತನದ ಕಷ್ಟ. ಬದುಕುವವಳಿಗೆ ಇವು ಮೂರಾಗಿ ಬರುವುದಿಲ್ಲ.

ಜಾತಿ ಮತ್ತು ಜನಾಂಗದ ಹೋಲಿಕೆ ರಾಜತಾಂತ್ರಿಕ ವಿವಾದವೂ ಆಗಿದೆ. ಜನಾಂಗೀಯ ತಾರತಮ್ಯವನ್ನು ತೊಡೆಯುವ 1965ರ ಅಂತಾರಾಷ್ಟ್ರೀಯ ಒಡಂಬಡಿಕೆ ಜನಾಂಗ, ಬಣ್ಣಗಳ ಜೊತೆಗೆ ವಂಶಮೂಲವನ್ನೂ ಹೆಸರಿಸುತ್ತದೆ, ಅದಕ್ಕೆ ಭಾರತ 1968ರಲ್ಲಿ ಸಮ್ಮತಿಸಿದೆ. 2001ರಲ್ಲಿ ಡರ್ಬನ್ನಿನಲ್ಲಿ ನಡೆದ ವಿಶ್ವಸಂಸ್ಥೆಯ ಸಮ್ಮೇಳನದಲ್ಲಿ ಜಾತಿಯನ್ನೂ ಚರ್ಚಿಸಬೇಕೆಂದು ದಲಿತ ಸಂಘಟನೆಗಳು ಒತ್ತಾಯಿಸಿದವು. ಜಾತಿ ಜನಾಂಗವಲ್ಲ ಎಂದು ಭಾರತ ಸರ್ಕಾರ ಅದನ್ನು ವಿರೋಧಿಸಿತು. ಮರುವರ್ಷವೇ ಒಡಂಬಡಿಕೆಯ ಸಮಿತಿ, ವಂಶಮೂಲದ ತಾರತಮ್ಯದಲ್ಲಿ ಜಾತಿಯೂ ಸೇರುತ್ತದೆ ಎಂಬ ತನ್ನ ನಿಲುವನ್ನು ಪ್ರಕಟಿಸಿತು. ನನ್ನ ಅಭಿಪ್ರಾಯದಲ್ಲಿ ಎರಡೂ ಒಂದೇ ಅಲ್ಲವೆಂಬ ಮಾತು ವಿದ್ವತ್ತಿನ ಮಟ್ಟದಲ್ಲಿ ಸರಿ, ಆದರೆ ಆ ಮಾತನ್ನು ಚರ್ಚೆಯ ಬಾಗಿಲು ಮುಚ್ಚಲು ಬಳಸುವುದು ಸರಿಯಲ್ಲ. ಈ ನಗರದಿಂದ ಸಿಯಾಟಲ್‌ಗೆ ಕೆಲಸಕ್ಕೆ ಹೋದವರ ಮನೆಗಳು ತಮ್ಮ ಬೀದಿಯಲ್ಲಿಯೂ ಇರಬಹುದು. ಆ ನಗರದ ಸಭೆ 2023ರ ಫೆಬ್ರವರಿಯಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸಿತು, ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ನಗರ ಅದು. ಅದು ಅವರ ಸಮಸ್ಯೆ, ಇದು ನಮ್ಮದು ಎಂಬ ಗೆರೆ ಈಗ ಅಷ್ಟು ಸ್ಪಷ್ಟವಾಗಿ ಉಳಿದಿಲ್ಲ.

ಒಂದು ಸಲಹೆ, ಇತಿಹಾಸದ ಅಧ್ಯಾಪಕರಾಗಿದ್ದ ತಮಗಾಗಿ. ಸರ್ಕಾರಿ ಹುದ್ದೆಗಳಲ್ಲಿ ಯಾವ ಸಮುದಾಯದವರು ಎಷ್ಟಿದ್ದಾರೆ ಎಂಬ ಪ್ರಶ್ನೆಯನ್ನು ಮೈಸೂರು ಸಂಸ್ಥಾನ 1918ರಲ್ಲಿಯೇ ಲೆಸ್ಲಿ ಮಿಲ್ಲರ್ ಅವರ ಸಮಿತಿಯ ಮುಂದಿಟ್ಟಿತ್ತು. ಆ ಚರಿತ್ರೆಯನ್ನು ಮೊಮ್ಮಗಳಿಗೆ ತಾವು ಹೇಳಿಕೊಡಿ, ಅವಳು ಓದುತ್ತಿರುವುದನ್ನು ತಮಗೆ ಹೇಳಲಿ.

ಪ್ರಶ್ನೆ: ಪದವಿಪೂರ್ವ ಕಾಲೇಜಿನ ಉಪನ್ಯಾಸಕಿ ನಾನು. ನನ್ನ ತರಗತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತ ವಿದ್ಯಾರ್ಥಿಯೊಬ್ಬರಿದ್ದಾರೆ. ತಿಳಿಯದೆ ನೋಯಿಸಬಾರದೆಂಬ ಆತಂಕವಿದೆ. ಕೆಲಸ ಬಿಡದೆ ಈ ವಿಷಯವನ್ನು ಕ್ರಮವಾಗಿ ಓದಬಹುದೇ?
ಓದುಗರು, ಹೆಬ್ಬಾಳ

ಉತ್ತರ: ಓದಬಹುದು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಲಿಂಗತ್ವ ಅಧ್ಯಯನದಲ್ಲಿ ದೂರಶಿಕ್ಷಣದ ಕೋರ್ಸುಗಳನ್ನು ನಡೆಸುತ್ತದೆ. ಅದಕ್ಕೂ ಮೊದಲು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ (ನಾಲ್ಸಾ) ಪ್ರಕರಣದಲ್ಲಿ ನೀಡಿದ ತೀರ್ಪನ್ನು ಓದಿ. ತನ್ನ ಲಿಂಗತ್ವವನ್ನು ತಾನೇ ನಿರ್ಧರಿಸಿಕೊಳ್ಳುವ ಹಕ್ಕು ವ್ಯಕ್ತಿಗೆ ಇದೆಯೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಕರ್ನಾಟಕ ಸರ್ಕಾರ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1ರಷ್ಟು ಮೀಸಲಾತಿ ಕೊಟ್ಟಿರುವುದನ್ನೂ, ಅದೇ ಸಮುದಾಯದ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದು ಪದ್ಮಶ್ರೀ ಪಡೆದಿರುವುದನ್ನೂ ನಿಮ್ಮ ತರಗತಿಯ ಎಲ್ಲ ಮಕ್ಕಳೂ ತಿಳಿದಿರಬೇಕು. ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಈ ಸಮುದಾಯಗಳ ಹೋರಾಟದ ದಾಖಲೆಗಳನ್ನು ಕಾಪಿಡುವ ಕಾಮ್ರಾ ಎಂಬ ಸಂಗ್ರಹವಿದೆ. ಇಷ್ಟೆಲ್ಲ ಓದುವ ಮುಂಚೆಯೇ ಮಾಡಬಹುದಾದ ಕೆಲಸವೊಂದಿದೆ: ಯಾವ ಹೆಸರಿನಿಂದ ಕರೆಯಬೇಕೆಂದು ಆ ವಿದ್ಯಾರ್ಥಿಯನ್ನೇ ಏಕಾಂತದಲ್ಲಿ ಕೇಳಿ, ಆ ಹೆಸರಿನಿಂದಲೇ ಕರೆಯಿರಿ. ಅವರ ಒಪ್ಪಿಗೆಯಿಲ್ಲದೆ ಉಳಿದವರ ಎದುರು ಅವರ ವಿಷಯವನ್ನು ಪಾಠದ ಉದಾಹರಣೆ ಮಾಡಬೇಡಿ.

ಪ್ರಶ್ನೆ: ನಾನು ಯಲ್ಲಾಪುರ ತಾಲ್ಲೂಕಿನ ಸಿದ್ದಿ ಸಮುದಾಯದವನು, ಎಂ.ಎ. ಮುಗಿಸಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಕನ್ನಡದಲ್ಲಿಯೇ ಮಾತಾಡಿದರೂ "ಆಫ್ರಿಕಾದ ಯಾವ ದೇಶ?" ಎಂದು ಕೇಳುತ್ತಾರೆ. ನನ್ನ ಜನರ ಬಗ್ಗೆಯೇ ಪಿಎಚ್.ಡಿ. ಮಾಡಬೇಕೆಂದಿದ್ದೇನೆ. ನಮ್ಮವರ ಬಗ್ಗೆ ನಾವೇ ಬರೆದರೆ ಅದು ನಿಷ್ಪಕ್ಷಪಾತವಾಗುವುದಿಲ್ಲ ಎಂದು ಒಬ್ಬರು ಪ್ರಾಧ್ಯಾಪಕರು ಹೇಳಿದರು. ಕನ್ನಡದಲ್ಲಿ ಬರೆಯಬಹುದೇ?
ಓದುಗರು, ಯಶವಂತಪುರ

ಉತ್ತರ: ಖಂಡಿತ ಮಾಡಿ, ಆ ಮಾತಿಗೆ ಅಂಜಿ ಹಿಂದೆ ಸರಿಯಬೇಡಿ. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಲ್ಲಿಯೂ ಕೆಲಸ ಮಾಡಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರಿಗೂ ಇದೇ ಆಕ್ಷೇಪ ಎದುರಾಗಿತ್ತು. ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ 1948ರಲ್ಲಿ ಕ್ಷೇತ್ರಕಾರ್ಯ ಮಾಡಿದ ಅವರು, ಸ್ವಂತ ಸಮಾಜವನ್ನು ಅಧ್ಯಯನ ಮಾಡುವುದು ಮಾನವಶಾಸ್ತ್ರಕ್ಕೆ ಲಾಭವೆಂದು ಕೊನೆಯವರೆಗೂ ಸಮರ್ಥಿಸಿಕೊಂಡರು. ಆದರೆ ಬ್ರಾಹ್ಮಣರಾಗಿ, ಊರಿನ ಮುಖಂಡರ ಆಶ್ರಯದಲ್ಲಿ ಉಳಿದುಕೊಂಡಿದ್ದರಿಂದ ತಮಗೆ ಕಂಡದ್ದು ಹೆಚ್ಚಾಗಿ ಮೇಲಿನವರ ಊರು ಎಂಬುದನ್ನು ಅವರೇ ದಾಖಲಿಸಿದ್ದಾರೆ. ಹೊರಗಿನವರಾಗಲಿ ಒಳಗಿನವರಾಗಲಿ, ನಿಂತ ಜಾಗವಿಲ್ಲದೆ ನೋಡುವವರು ಯಾರೂ ಇಲ್ಲ; ನಿಮ್ಮ ಜಾಗ ಯಾವುದೆಂದು ಪ್ರಬಂಧದಲ್ಲಿ ಬರೆದು ತಿಳಿಸುವುದು ನಿಮ್ಮ ಹೊಣೆ. ನಿಮ್ಮದು ಹಿಂದೂ, ಮುಸ್ಲಿಂ, ಕ್ರೈಸ್ತ ಮನೆಗಳೆಲ್ಲ ಇರುವ ಸಮುದಾಯವಾದ್ದರಿಂದ, ಒಂದು ಮನೆತನದ ಹುಡುಗನಿಗೆ ಇನ್ನೊಂದರ ಅಡುಗೆಮನೆ ತಾನಾಗಿ ತೆರೆಯುವುದಿಲ್ಲ. ಹೆಂಗಸರ ಅನುಭವಕ್ಕೆ ನೀವೂ ಒಂದಷ್ಟು ಹೊರಗಿನವರೇ. ಆ ಭಾಗದ ಸಂದರ್ಶನಗಳಿಗೆ ನಿಮ್ಮೂರಿನ ಓದಿದ ಹೆಣ್ಣುಮಕ್ಕಳನ್ನು ಜೊತೆಗೂಡಿಸಿಕೊಳ್ಳಿ.

ಓದಬೇಕಾದ ಪ್ರಶ್ನೆಗಳು ನಿಮ್ಮ ಸುತ್ತಲೇ ಇವೆ. ಪೋರ್ಚುಗೀಸರೂ ಅರಬ್ ವರ್ತಕರೂ ಆಫ್ರಿಕಾದಿಂದ ತಂದ ಜನರ ವಂಶಸ್ಥರು ಕಾಡಿನ ಸೀಮೆಯಲ್ಲಿ ನೆಲೆ ಕಂಡುಕೊಂಡ ಚರಿತ್ರೆ ಒಂದು ಕಡೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಲು 2003ರವರೆಗೆ ಕಾಯಬೇಕಾದದ್ದು ಇನ್ನೊಂದು ಕಡೆ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟಗಾರರನ್ನಾಗಿ ಬೆಳೆಸಲು ಹೊರಟಿತು, ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಆಫ್ರಿಕಾ ಮೂಲದ ಮೈ ಹುಟ್ಟಿನಿಂದಲೇ ಓಟಕ್ಕೆ ಹೇಳಿ ಮಾಡಿಸಿದ್ದು ಎಂಬ ಎಣಿಕೆ ಅದರ ಹಿಂದಿತ್ತು. ಮಾನವರಲ್ಲಿ ಕಾಣುವ ಆನುವಂಶಿಕ ವ್ಯತ್ಯಾಸದ ಶೇ. 85ರಷ್ಟು ಪ್ರತಿಯೊಂದು ಜನಸಮೂಹದ ಒಳಗೇ ಇದೆಯೆಂದು ತಳಿವಿಜ್ಞಾನಿ ರಿಚರ್ಡ್ ಲೆವೊಂಟಿನ್ 1972ರಲ್ಲಿಯೇ ತೋರಿಸಿದ್ದರು. ಬಣ್ಣ ನೋಡಿ ಸಾಮರ್ಥ್ಯ ಹೇಳುವುದಕ್ಕೆ ವಿಜ್ಞಾನದ ಆಧಾರ ಬಹಳ ತೆಳ್ಳಗಿದೆ. ಒಳ್ಳೆಯ ಉದ್ದೇಶದ ಸರ್ಕಾರಿ ಯೋಜನೆಯೊಳಗೂ ಜನಾಂಗದ ಕಲ್ಪನೆ ಹೇಗೆ ಕೆಲಸ ಮಾಡುತ್ತದೆ, ಶಿಬಿರದಿಂದ ಊರಿಗೆ ಮರಳಿದ ಆ ಮಕ್ಕಳು ಈಗ ಹೇಗಿದ್ದಾರೆ ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆಯುವವರು ಬೇಕು. ಬೆಂಗಳೂರಿನಲ್ಲಿ ನಿಮಗೆ ಎದುರಾಗುವ ಪ್ರಶ್ನೆಯನ್ನೂ ಅಧ್ಯಯನದ ಭಾಗ ಮಾಡಿಕೊಳ್ಳಬಹುದು. 2012ರ ಆಗಸ್ಟಿನಲ್ಲಿ ವದಂತಿಗಳಿಗೆ ಬೆದರಿದ ಈಶಾನ್ಯ ರಾಜ್ಯಗಳ ಸಾವಿರಾರು ಜನರು ಇದೇ ನಗರದಿಂದ ಗುವಾಹಟಿಗೆ ವಿಶೇಷ ರೈಲುಗಳಲ್ಲಿ ಹೊರಟುಹೋಗಿದ್ದರು. ಮುಖ ನೋಡಿ ಪರದೇಶಿಯೆಂದು ತೀರ್ಮಾನಿಸುವ ನೋಟ ನಿಮ್ಮನ್ನೂ ಅವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ.

ಕನ್ನಡದಲ್ಲಿ ಪಿಎಚ್.ಡಿ. ಪ್ರಬಂಧ ಬರೆಯಲು ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಿಮಗೆ ತಕ್ಕ ಸ್ಥಳ. ಇಂಗ್ಲಿಷಿನ ಲೇಖನಗಳನ್ನು ಓದದೆ ಈ ವಿಷಯದಲ್ಲಿ ಮುಂದುವರಿಯಲಾಗದು, ಅದಕ್ಕೆ ಮೊದಲ ವರ್ಷದಲ್ಲಿಯೇ ಶ್ರಮ ಹಾಕಿ. ಅಂಬೇಡ್ಕರ್ ಬರಹಗಳನ್ನು ಕುವೆಂಪು ಭಾಷಾ ಭಾರತಿ ಪ್ರಾಧಿಕಾರ ಕನ್ನಡದಲ್ಲಿ ಪ್ರಕಟಿಸಿದೆ, ಅಲ್ಲಿಂದ ಆರಂಭಿಸಬಹುದು. ನಿಮ್ಮ ಹಿರಿಯರ ಸಂದರ್ಶನಗಳನ್ನು ಅವರು ಮನೆಯಲ್ಲಿ ಆಡುವ ಕೊಂಕಣಿಯಲ್ಲಿಯೇ ಧ್ವನಿಮುದ್ರಿಸಿಕೊಳ್ಳಿ, ಕನ್ನಡಕ್ಕೆ ತಂದ ಪಾಠವನ್ನು ಅವರಿಗೆ ಓದಿ ಹೇಳಿ ಒಪ್ಪಿಗೆ ಪಡೆಯಿರಿ, ಧ್ವನಿಮುದ್ರಿಕೆಯ ಒಂದು ಪ್ರತಿ ಊರಿನಲ್ಲಿಯೇ ಉಳಿಯುವಂತೆ ಮೊದಲೇ ಏರ್ಪಾಡು ಮಾಡಿ.